ಚೆನ್ನಾಜಮ್ಮನ ಮೂರು ಗಾಜಿನ ಬಟ್ಟಲು

ಬಹಳ ಹಿಂದೆ, ಬೇರು ಮಾತಾಡಿದರೂ ಯಾರೂ ಬೆಚ್ಚದಿದ್ದ ಕಾಲದಲ್ಲಿ, ಹೊನ್ನೇರು ಎಂಬ ರಾಜ್ಯವಿತ್ತು. ಅದರ ಮಣ್ಣಿನೊಳಗೆ ಬೇರುನಂಟರು ವಾಸವಾಗಿದ್ದರು. ನೋಡಲು ಬಿಳಿ ನೂಲು, ಕುಲದಲ್ಲಿ ಅಣಬೆಯ ದಾಯಾದಿ. ಬೇರು ಅವರಿಗೆ ಸಿಹಿ ಉಣಿಸುತ್ತಿತ್ತು; ಅವರು ಬೇರಿಗೆ ದೂರದ ಸಾರ ಹೊತ್ತು ತರುತ್ತಿದ್ದರು.

ಮಾಂತ್ರಿಕ ಭಸ್ಮಾಕ್ಷನಿಗೆ ಇದು ಹೊಟ್ಟೆಯುರಿ. ಅವನ ನಂಟರೆಲ್ಲ ಅವನ ಬಾಯಿವಾಸನೆಗೇ ಓಡಿಹೋಗಿದ್ದರು. ಒಂದು ದಿನ ಮಣ್ಣಿಗೆ ಬಾಯಿಟ್ಟು ಉಫ್ ಎಂದು ಬೆಂಕಿಯುಸಿರು ಊದಿದ. ಬೇರುನಂಟರು ಸುಟ್ಟುಹೋದರು, ಪೈರು ಬಾಡಿತು. ಉಳಿದದ್ದು ಮೂರೇ ಎಳೆ.

ರಾಣಿ ಅವನ್ನು ಅರಮನೆಯ ಅಡುಗೆಯ ಚೆನ್ನಾಜಮ್ಮನ ಕೈಗಿಟ್ಟಳು. "ಇವು ಬೀಜ ಕಟ್ಟಿದರೆ ನಾಡು ಉಣ್ಣುತ್ತೆ. ಸಾಕಿಕೊಡಮ್ಮ."

ಚೆನ್ನಾಜಮ್ಮ ಮೊದಲ ಗಾಜಿನ ಬಟ್ಟಲಲ್ಲಿ ಗಜ್ಜರಿಯ ಎಳೆಬೇರು ಇಟ್ಟು, ಪಕ್ಕದಲ್ಲಿ ಒಂದು ಬಿಳಿ ಎಳೆ ಬಿಟ್ಟಳು. ಬಡಿಸುವ ಕೈ ನಿಲ್ಲುತ್ತದೆಯೇ? "ಇನ್ನೊಂದು ಸೌಟು ಹಾಕಿಸ್ಕೊ ಕಂದಾ" ಎಂದು ಬೇರಿಗೆ ಸಾರದ ಮೇಲೆ ಸಾರ ಸುರಿದಳು. ಎಳೆ ಬಂದು ಬೇರಿನ ಬಾಗಿಲು ತಟ್ಟಿದಾಗ ಅದು ತೇಗಿ, "ಹೊಟ್ಟೆ ತುಂಬಿದೆ, ನಂಟರು ಬೇಡ" ಎಂದಿತು. ಎಳೆ ಒಣಗಿತು.

ಎರಡನೆಯ ಬಟ್ಟಲಿನ ಬೇರಿಗೆ ಕಡಿಮೆ ಬಡಿಸಿದಳು. ಆದರೆ ಮನೆಗೆ ಬಂದವರನ್ನು 'ಊಟ ಆಯ್ತಾ' ಎಂದು ಕೇಳದಿರಲಾದೀತೇ? ದಿನಕ್ಕೆ ಮೂರು ಸಲ ಮುಚ್ಚಳ ತೆಗೆದಳು. ಭಸ್ಮಾಕ್ಷ ಹಸಿರು ಬೂಸ್ಟಾಗಿ ಒಳಗೆ ಹಾರಿ ಎಲ್ಲ ನುಂಗಿದ.

ಮೂರನೆಯ ಎಳೆ ತಾನೇ ಬಾಯಿಬಿಟ್ಟಿತು. "ಅವ್ವಾ, ಬೇರಿಗೆ ಅರೆಹೊಟ್ಟೆಗೆ ಹಾಕು. ಮುಚ್ಚು. ಆಮೇಲೆ ಸುಮ್ಮನೆ ಕೂರು."

"ಸುಮ್ಮನೆ ಕೂರೋದಾ? ನಮ್ಮ ವಂಶದಲ್ಲೇ ಯಾರಿಗೂ ಬರಲ್ಲಪ್ಪ."

ಆದರೂ ತನ್ನ ಕೈಗಳ ಮೇಲೆ ತಾನೇ ಕೂತಳು. ಹಸಿದ ಬೇರು ಎಳೆಯನ್ನು ಒಳಗೆ ಕರೆಯಿತು. ಎಳೆ ಕವಲೊಡೆದು, ತುದಿತುದಿಗೆ ಊದಿಕೊಂಡು, ಬಿಳಿ ಮಣಿ ಕಟ್ಟಿತು.

ಭಸ್ಮಾಕ್ಷ ಮುತ್ತಿನ ವ್ಯಾಪಾರಿಯ ವೇಷದಲ್ಲಿ ಬಂದ. "ಎಷ್ಟು ಚಂದದ ಮಣಿ ತಾಯಿ. ಈಗಲೇ ಬಿತ್ತಿಬಿಡಿ."

"ವಡೆ ಕೆಂಪಾಗದೆ ಬಾಣಲೆಯಿಂದ ಎತ್ತೋಳಲ್ಲ ಕಣಯ್ಯ ನಾನು. ಸಿಪ್ಪೆ ಬಲಿಯಲಿ."

ಮಣಿ ಹಳದಿಯಾಯಿತು, ಆಮೇಲೆ ಕಂದುಬಣ್ಣಕ್ಕೆ ತಿರುಗಿತು. ಒಳಗೆ ಎಣ್ಣೆ ತುಂಬಿತು, ಹೊರಗೆ ಸಿಪ್ಪೆ ಪದರಪದರವಾಗಿ ಗಟ್ಟಿಯಾಯಿತು. ಆಗ ಬಿತ್ತಿದಳು. ಭಸ್ಮಾಕ್ಷ ಊದಿದ, ಸಿಪ್ಪೆ ಸುಡಲಿಲ್ಲ. ಮತ್ತೆ ಊದಿದ, ಬಿಸಿಯಾಯಿತು, ಅಷ್ಟೇ. ಮೂರನೆಯ ಸಲ ಉಸಿರೆಲ್ಲ ಊದಿ ಮುಗಿಸಿ, ತಾನೇ ಹಿಡಿ ಬೂದಿಯಾದ. ಚೆನ್ನಾಜಮ್ಮ ಅದನ್ನು ಕುಂಬಳದ ಬಳ್ಳಿಗೆ ಹಾಕಿದಳು. ಜೀವಮಾನದಲ್ಲಿ ಅವನಿಂದಾದ ಉಪಕಾರ ಅದೊಂದೇ.

ಮಣಿಗಳು ಮೊಳೆತವು, ಬೇರುಗಳು ನಂಟರನ್ನು ಅಪ್ಪಿಕೊಂಡವು, ಗದ್ದೆ ಹಸಿರಾಯಿತು. ಮಣ್ಣೊಳಗಿಂದ ದನಿ ಬಂತು: "ನಿನ್ನ ಹೊಟ್ಟೆ ತಣ್ಣಗಿರಲಿ ಅವ್ವಾ."

"ನಿಮ್ಮದೂ ಇರಲಿ ಮಕ್ಕಳಾ. ನೀವಿದ್ದರೆ ತಾನೆ ನನ್ನ ಒಲೆ" ಎಂದು ಅವಳು ನೆಲಕ್ಕೆ ಕೈಮುಗಿದಳು.

ಅಂದಿನಿಂದ ಹೊನ್ನೇರಿನವರು ಉಣ್ಣುವ ಮೊದಲು ಬೇರುನಂಟರನ್ನು ನೆನೆದು ನೆಲಕ್ಕೊಂದು ಪಾಲು ಬಡಿಸುತ್ತಾರೆ. ಅರ್ಧ ಸೌಟು ಮಾತ್ರ. ಆಮೇಲೆ ತಾವು ಹೊಟ್ಟೆ ಬಿರಿಯ ಉಂಡು, ಇಂದಿಗೂ ಸುಖವಾಗಿ ತೇಗುತ್ತಿದ್ದಾರೆ.