ಅಕ್ಕನ ಮಠದ ಕಷಾಯ

"ಜಲ್ದಿ ಬರ್ರಿ ಸಾಹೇಬ್ರ! ಅಕ್ಕನ್ನ ಮಠದಾಗ ಕೂಡಿ ಹಾಕ್ಯಾರ. ವಿಷ ಕೊಟ್ಟು ಮನಷಾನ್ನ ಕೊಂದಾಳ ಅಂತಾರ!"

ಮರ ಸಾಗಿಸುವ ಲಾರಿಯಿಂದ ಇಳಿದವನೇ ಭೋಜಪ್ಪ ಹಳಿಯಾಳದ ಆ ಮನೆಯ ಕಟ್ಟೆಯ ಮೇಲೆ ಕುಸಿದು ಕೂತ. ಕಾಡಿನ ಜಿಗಣೆ, ಉಂಬಳ, ಕಚ್ಚಿದ ಅವನ ಮೀನಖಂಡಗಳಲ್ಲಿ ರಕ್ತ ಇನ್ನೂ ಜಿನುಗುತ್ತಿತ್ತು. ನಿವೃತ್ತ ಪೊಲೀಸ್ ಫೌಜದಾರ ಬಸಲಿಂಗಯ್ಯನವರು ಚಹದ ಬಟ್ಟಲು ಕೆಳಗಿಟ್ಟರು. ಎದುರಿಗೆ ಕೂತಿದ್ದ ಅರಿವೆ ಅಂಗಡಿಯ ಅಂದಾನೆಪ್ಪ ಆಗಲೇ ಚಪ್ಪಲಿ ಮೆಟ್ಟಿದ್ದ. ಗೆಳೆಯ ಎಲ್ಲಿಗೆ ಹೊರಟರೂ ಬೆನ್ನಹಿಂದೆ ಹೋಗುವುದು ಅವನ ರೂಢಿ.

ಮಹಾದೇವಕ್ಕನನ್ನು ಅಂದಾನೆಪ್ಪ ಚೆನ್ನಾಗಿ ಬಲ್ಲ. ತೇರಗಾಂವದ ಜಂಗಮರ ಮಗಳು; ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ಜೋಯಿಡಾ ದಾರಿಯ ಕಾಡಂಚಿನ ಹಳೇ ಮಠದಲ್ಲಿ ಲಿಂಗಪೂಜೆ ಮಾಡಿಕೊಂಡು ಇದ್ದವಳು. ಗೋವಾದಲ್ಲಿ ಪೋರ್ಚುಗೀಜರ ಲಾಠಿ, ಜೈಲುಗಳಿಗೆ ಬೆದರಿದವರು ಘಟ್ಟ ಹತ್ತಿ ಬರತೊಡಗಿದಾಗ ಮಠದ ಬಾಗಿಲು ತೆರೆದವಳು ಅವಳೇ. ಭೋಜಪ್ಪ ಗಡಿಯಿಂದ ಜನರನ್ನು ಕರೆತರುತ್ತಿದ್ದ. ಅಕ್ಕ ಗಂಜಿ ಹಾಕಿ, ಗಾಯ ತೊಳೆದು, ಮುಂದಿನ ಊರಿಗೆ ದಾಟಿಸುತ್ತಿದ್ದಳು. ಅಂಥವಳ ಮೇಲೆ ಕೊಲೆಯ ಅಪವಾದ! ಲಾರಿ ದಾಂಡೇಲಿ ದಾಟುವವರೆಗೂ ಅಂದಾನೆಪ್ಪ ಹಲ್ಲು ಕಚ್ಚಿಕೊಂಡೇ ಕೂತಿದ್ದ.

ಮಠದ ಮುಂದೆ ಊರಿಗೆ ಊರೇ ನೆರೆದಿತ್ತು. ಕಿರಾಣಿ ಅಂಗಡಿಯ ಅಡಿವೆಯ್ಯ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. "ಕಂಡಕಂಡವರನ್ನ ತಂದು ಇಟಗೊಂಡ್ರ ಹಿಂಗ ಆಗೂದು! ನಾಳೆ ಪೊಲೀಸರು ನಮ್ಮ ಮನಿ ಬಾಗಲಾ ಬಡೀತಾರ."

ಒಳಗೆ, ಗೋವಾದಿಂದ ತಪ್ಪಿಸಿಕೊಂಡು ಬಂದಿದ್ದ ಗಾಂವಕರ ಮಾಸ್ತರರ ಹೆಣ ಕೌದಿಯ ಮೇಲಿತ್ತು. ಹಿಂದಿನ ದಿನ ಮಧ್ಯಾಹ್ನ ಜ್ವರದಿಂದ ಬೇಯುತ್ತಿದ್ದ ಅವರನ್ನು ಭೋಜಪ್ಪ ಹೊತ್ತು ತಂದಿದ್ದ. ಮಲಗುವ ಮುಂಚೆ ಅಕ್ಕ ನೆಲಬೇವಿನ ಕಷಾಯ ಕುಡಿಸಿದ್ದಳು. ಬೆಳಿಗ್ಗೆ ನೋಡಿದರೆ ಮುಖ ನೀಲಿಗಟ್ಟಿತ್ತು.

ಒಲೆಯ ಹತ್ತಿರ ಇನ್ನೊಬ್ಬ ಕೂತಿದ್ದ, ಜಯವಂತ. ಎರಡು ದಿನ ಕಾಡಿನಲ್ಲಿ ಅಲೆದು, ನಿನ್ನೆ ಸಂಜೆ ಒಬ್ಬನೇ ಬಂದು ಸೇರಿದೆನೆಂದು ಹೇಳಿದ. ಅಕ್ಕ ಕೊಟ್ಟ ಕರಿ ಕಂಬಳಿ ಹೊದ್ದು, ಬೆಳ್ಳಗಿನ ನುಣುಪು ಕಾಲುಗಳನ್ನು ಬೆಂಕಿಗೆ ಚಾಚಿದ್ದ.

ಬಸಲಿಂಗಯ್ಯನವರು ಹೆಣದ ಬಾಯಿ ಬಿಡಿಸಿ ನೋಡಿದರು, ಆಮೇಲೆ ಸುಣ್ಣ ಮೆತ್ತಿದ ಕಾಲು ನೋಡಿದರು. "ಅಕ್ಕಾ, ಮಾಸ್ತರು ಏನರ ಮಾತಾಡಿದ್ರೇನು?"

"ಜ್ವರದ ಕನವರಿಕಿ, ಅಣ್ಣಾ. ಈ ತಮ್ಮ ಜಯವಂತ ಒಳಗ ಬಂದಾಗ ಕಣ್ಣು ತೆರದು 'ದುಭಾಷಿ, ದುಭಾಷಿ' ಅಂದ್ರು. ಮತ್ತ ಎಚ್ಚರ ತಪ್ಪಿತು."

"ಮಲಗೂ ಮುಂದ ಅಗಳಿ ಹಾಕಿದ್ದಿರೇನು?"

"ನಾನ ಹಾಕಿದ್ದೆ. ಬೆಳಿಗ್ಗೆ ನಾನ ತೆಗೆದೆ. ಒಳಗ ಭೋಜಪ್ಪನೂ ಸೇರಿ ನಾವು ನಾಲ್ಕ ಮಂದಿ."

ಬಸಲಿಂಗಯ್ಯನವರು ಎಲ್ಲರನ್ನೂ ಪಡಸಾಲೆಗೆ ಕರೆದರು. ಅವರು ಬಾಯಿ ತೆರೆಯುವ ಮೊದಲೇ ಅಡಿವೆಯ್ಯ ಮತ್ತೆ ಕಷಾಯದ ಮಾತೆತ್ತಿದ. ಮಹಾದೇವಕ್ಕ ಎದ್ದಳು. ಉಳಿದಿದ್ದ ಕಷಾಯದ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಗಟಗಟನೆ ಕುಡಿದು, ಅವನ ಕಾಲ ಬಳಿ ಒಗೆದಳು. ಗಡಿಗೆ ಚೂರಾಯಿತು.

"ಕಾಯ್ಕೋತ ಕುಂಡ್ರು ಅಡಿವೆಯ್ಯಾ. ನಾ ಸಾಯೂದನ್ನ ನೋಡಿಕೊಂಡ ಹೋಗು!"

ಅಂದಾನೆಪ್ಪ ಅಕ್ಕನ ಕಡೆ ಧಾವಿಸಿದ.

"ಅಕ್ಕ ಸಾಯೂದಿಲ್ಲ," ಎಂದರು ಬಸಲಿಂಗಯ್ಯ. "ಮಾಸ್ತರರಿಗೆ ಯಾರೂ ವಿಷ ಹಾಕಿಲ್ಲ. ಅವರ ಹಲ್ಲಿನ ಸಂದಿಯೊಳಗ ಕಂಬಳಿಯ ಕರಿ ಉಣ್ಣಿ ಎಳಿ ಸಿಕ್ಕಾವ. ಅವರು ಹಾಸಿ ಹೊದ್ದದ್ದು ಅರಿವೀ ಕೌದಿ. ಯಾರೋ ಕಂಬಳಿ ಮುಖಕ್ಕ ಒತ್ತಿ ಉಸಿರು ಕಟ್ಟಿಸ್ಯಾರ. ಬಾಗಲಾ ಒಳಗಿಂದ ಹಾಕಿತ್ತು. ಅಂದಮ್ಯಾಲೆ ಹೊರಗಿನವರ ಕೆಲಸ ಅಲ್ಲ. ಕಂಬಳಿ ಇದ್ದದ್ದು ಭೋಜಪ್ಪನ ಹತ್ರ, ಜಯವಂತನ ಹತ್ರ."

ಭೋಜಪ್ಪ ಬೆಚ್ಚಿದ. "ನಾನೇನ್ರಿ?"

"ನೀ ಹೆದರಬ್ಯಾಡ. ಕೊಲ್ಲೂ ಮನಸಿದ್ರ ಕಾಡಿನ್ಯಾಗ ಬಿಟ್ಟು ಬರ್ತಿದ್ದಿ. ಬೆನ್ನ ಮ್ಯಾಲೆ ಹೊತ್ತು ತರ್ತಿದ್ದಿಲ್ಲ. ಈಗ ಎಲ್ಲಾರೂ ಕಾಲು ನೋಡ್ರಿ. ಭೋಜಪ್ಪನ ಕಾಲ ತುಂಬ ಉಂಬಳದ ಗಾಯ. ಮಾಸ್ತರರ ಕಾಲೂ ಹಂಗ, ಸುಣ್ಣ ಹಚ್ಚಿದ್ರೂ ಗುರುತು ಹೋಗಿಲ್ಲ. ಶ್ರಾವಣದಾಗ ಈ ಘಟ್ಟ ನಡದು ಬಂದವನ್ನ ಉಂಬಳ ಬಿಡೂದಿಲ್ಲ." ಅವರ ದನಿ ಹರಿತವಾಯಿತು. "ಜಯವಂತಾ, ಎರಡು ದಿನ ಕಾಡು ಸುತ್ತಿದವನ ಕಾಲಿಗೆ ಒಂದು ಗೀರೂ ಇಲ್ಲಲ್ಲ? ನೀ ಘಟ್ಟ ಹತ್ತಿಲ್ಲ. ರಸ್ತೆ ಮ್ಯಾಲೆ ಮೋಟಾರಿನ್ಯಾಗ ಬಂದಿ, ಈ ಮಠದ ಗುಟ್ಟು ತಿಳಕೊಳ್ಳಾಕ. ನೀ ಗೋವಾದ ಠಾಣೆಯೊಳಗ ಪೋರ್ಚುಗೀಜ ಸಾಹೇಬರ ಪ್ರಶ್ನೆನ ಕೊಂಕಣಿಯೊಳಗ ಹೇಳಾವ ದುಭಾಷಿ. ಅಲ್ಲೇ ಹೊಡತ ತಿಂದಿದ್ದ ಮಾಸ್ತರರು ನಿನ್ನ ಗುರುತು ಹಿಡಿದ್ರು. ಜ್ವರ ಇಳಿದ್ರ ಎಲ್ಲಾರಿಗೂ ಹೇಳ್ತಿದ್ರು."

ಜಯವಂತ ಬಾಗಿಲಿಗೆ ಹಾರಿದ. ಭೋಜಪ್ಪ ಅವನ ಕುತ್ತಿಗೆ ಹಿಡಿದು ನೆಲಕ್ಕೆ ಕೆಡವಿದ. ಜನ ಮುನ್ನುಗ್ಗಿದರು.

"ಅಂವ ಬಾಯಿ ಬಿಟ್ಟಿದ್ರ ನೀವು ನನ್ನ ಬಿಡ್ತಿದ್ರೇನು?" ಜಯವಂತ ಕೆಳಗಿನಿಂದಲೇ ಕಿರುಚಿದ.

"ಯಾರೂ ಕೈ ಹಚ್ಚಬ್ಯಾಡ್ರಿ!" ಅಕ್ಕನ ದನಿಗೆ ಗುಂಪು ಹಿಂದೆ ಸರಿಯಿತು. ಅವಳು ಜಯವಂತನ ಮುಖದ ಹತ್ತಿರ ಬಾಗಿದಳು. "ನಿನ್ನ ಕಾಲು ತೊಳದು ಒಳಗ ಕರಕೊಂಡೆನಲ್ಲೋ. ಮೊದಲ ಅಂಬಲಿ ನಿನಗ ಕೊಟ್ಟೆ. ನಾ ಕೊಟ್ಟ ಕಂಬಳೀನ ಬೇಕಾತೇನು ನಿನಗ?"

ಅವನು ಮುಖ ತಿರುಗಿಸಿಕೊಂಡ. ಪೊಲೀಸರಿಗೆ ಒಪ್ಪಿಸಲು ಅವನನ್ನು ಕಂಬಕ್ಕೆ ಕಟ್ಟಿದರು.

ಅಡಿವೆಯ್ಯ ಅಕ್ಕನ ಮುಂದೆ ಕೈಮುಗಿದು ನಿಂತ. "ತಪ್ಪಾತು ತಾಯಿ, ಕ್ಷಮಾ ಮಾಡ್ರಿ."

"ಮಾಡೂದಿಲ್ಲ," ಎಂದಳು ಅಕ್ಕ. "ಹೋಗು, ಮಾಸ್ತರರಿಗೆ ಹೆಗಲು ಕೊಡು. ಅವರಿಗೆ ಇಲ್ಲಿ ಯಾರೂ ಇಲ್ಲ."

ಅಡಿವೆಯ್ಯ ತಲೆ ತಗ್ಗಿಸಿ ಒಳಗೆ ಹೋದ. ಅಂದಾನೆಪ್ಪ ಹೆಣದ ಇನ್ನೊಂದು ಬದಿಗೆ ನಿಂತ. ಕಾಡಂಚಿನಲ್ಲಿ ಸಂಸ್ಕಾರ ಮುಗಿದಾಗ ಹೊತ್ತು ಇಳಿಯುತ್ತಿತ್ತು. ಆಗ ಭೋಜಪ್ಪ ಮೆಲ್ಲಗೆ ಕೇಳಿದ:

"ಅಕ್ಕಾ, ಮಾಸ್ತರರ ಹೆಂಡತಿ, ಕೂಸು ಇವತ್ತ ಹಳ್ಳ ದಾಟಿ ಬರೂವರ ಅದಾರ. ಈ ದುಭಾಷಿಗೆ ಹಾದಿ ಗೊತ್ತಾಗಿದ್ರ?"

"ಬ್ಯಾರೆ ಹಾದೀಲೆ ಹೋಗೂಣು. ನಾನೂ ಬರ್ತೇನಿ."

"ಈ ವಯಸ್ಸಿನ್ಯಾಗ ಘಟ್ಟಾ ಇಳೀತೀರೇನ್ರಿ?" ಅಂದಾನೆಪ್ಪ ತಡೆಯಲಾರದೆ ಕೇಳಿದ.

ಮಹಾದೇವಕ್ಕ ಬಿಳಿ ಸೀರೆಯ ಸೆರಗನ್ನು ನಡುವಿಗೆ ಬಿಗಿದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕಣ್ಣು ಮಾತ್ರ ತುಂಬಿತ್ತು.

"ಗಂಡ ಎಲ್ಲೆದಾನ ಅಂತ ಆಕಿ ಕೇಳ್ತಾಳ, ಅಂದಾನೆಪ್ಪಾ. ಅದಕ್ಕ ಭೋಜಪ್ಪ ಏನು ಉತ್ತರಾ ಕೊಡಬೇಕು? ನನ್ನ ಮಠದಾಗ ಸತ್ತಾನ. ನಾನ ಹೇಳಬೇಕು."

ಅವಳು ಹಳ್ಳದ ಕಡೆ ಇಳಿದಳು. ಅಂದಾನೆಪ್ಪ ಬಸಲಿಂಗಯ್ಯನವರ ಮುಖ ನೋಡಿದ. ಅವರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಇಬ್ಬರೂ ಅವಳ ಹಿಂದೆ ಕಾಡಿಗೆ ಇಳಿದರು.