ಗೇಲನ್ ಮಾಡದ ಬಾಣ

ಗುಡ್ಡ ಕೈತಪ್ಪಿದ್ದು ಮೀನಿನ ದೆಸೆಯಿಂದ. ಅದನ್ನು ನೆನೆಸಿಕೊಂಡಾಗಲೆಲ್ಲ ಆರ್ವಿಡ್‌ಗೆ ಮೈ ಉರಿಯುತ್ತಿತ್ತು. ವಿಸ್ಕಾನ್ಸಿನ್‌ನ ಆ ಮೂಲೆಯಲ್ಲಿ, ಥೋರಾ ಮುದುಕಿಯ ಹೊಲದ ಹಿಂದಿನ ಓಕ್ ಗುಡ್ಡದಲ್ಲಿ, ಅವಳ ಗಂಡ ಐನಾರ್ ಇದ್ದ ಕಾಲದಿಂದಲೂ ಬಿಲ್ಲು ಹಿಡಿದು ಜಿಂಕೆಗೆ ಕಾದು ಕೂರುತ್ತಿದ್ದವನು ಅವನೊಬ್ಬನೇ. ಬರಹ ಗಿರಹ ಏನೂ ಇಲ್ಲ. ಐನಾರ್ ಬೇಲಿಯ ಪಕ್ಕ ನಿಂತು ಕೈಕುಲುಕಿ "ಗುಡ್ಡಕ್ಕೆ ನೀನೊಬ್ಬನೇ ಕಣೋ" ಅಂದಿದ್ದ. ಅಲ್ಲಿಯವರಿಗೆ ಅಷ್ಟು ಸಾಕು. ಗುಡ್ಡಕ್ಕೆ ಒಬ್ಬನೇ ಬೇಟೆಗಾರ ಅನ್ನುವುದು ಐನಾರ್ ಸತ್ತ ಮೇಲೂ ಆ ಮನೆಯ ಕಟ್ಟಳೆಯಾಗಿ ಉಳಿಯಿತು. ಆ ಒಬ್ಬ ಯಾರು ಅನ್ನುವುದು ಮಾತ್ರ ಬದಲಾಯಿತು.

ಬದಲಾದದ್ದು ಗೇಲನ್‌ನಿಂದ. ಮಿಲ್ವಾಕಿ ಬಿಟ್ಟು ಬಂದು ಊರಲ್ಲಿ ನೆಲೆಸಿದ ಪ್ಲಂಬರ್ ಅವನು. ಥೋರಾಳ ಅಡುಗೆಮನೆಯ ಸೋರುವ ಪೈಪು ಸರಿಮಾಡಲು ಹೋದವನಿಗೆ ಅವಳು ಲೂಟಫಿಸ್ಕ್ ಬಡಿಸಿದಳಂತೆ. ಒಣಮೀನನ್ನು ಕ್ಷಾರದ ನೀರಿನಲ್ಲಿ ನೆನೆಹಾಕಿ ಲೋಳೆಲೋಳೆ ಮಾಡುವ ಆ ತಿನಿಸನ್ನು ಆರ್ವಿಡ್ ಹೊಟ್ಟೆನೋವಿನ ನೆಪ ಹೇಳಿ ವರ್ಷಾನುಗಟ್ಟಲೆ ತಪ್ಪಿಸಿಕೊಂಡು ಬಂದಿದ್ದ. ಗೇಲನ್ ತಿಂದ. ತಿಂದದ್ದಷ್ಟೇ ಅಲ್ಲ, ಇನ್ನೂ ಸ್ವಲ್ಪ ಹಾಕಿ ಅಂದ. ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಥೋರಾ ಆರ್ವಿಡ್‌ನ ತೋಳು ಹಿಡಿದು ನಿಲ್ಲಿಸಿದಳು.

"ನೋಡು ಮಗಾ, ಈ ಸಲ ಗುಡ್ಡಾನ ಆ ಹುಡುಗನಿಗೆ ಕೊಟ್ಟಿದೀನಿ. ಪಾಪ, ಊರಿಗೆ ಹೊಸಬ. ನೀನು ಹೊಳೆ ಪಕ್ಕದ ಹೊಲದಲ್ಲಿ ಕೂತ್ಕೋ. ನಿನಗೂ ವಯಸ್ಸಾಯ್ತು, ಗುಡ್ಡ ಹತ್ತೋ ಕಷ್ಟ ತಪ್ಪಿತು."

"ಅದಕ್ಕೇನಂತೆ ಥೋರಮ್ಮಾ, ಹಾಗೇ ಆಗಲಿ" ಅಂದ ಆರ್ವಿಡ್. ಆ ಹುಡುಗನಿಗೆ ನಲವತ್ತು ದಾಟಿತ್ತು, ಹೊಟ್ಟೆ ಬೆಲ್ಟಿನ ಮೇಲಿಂದ ಇಳಿಬಿದ್ದಿತ್ತು. ಆರ್ವಿಡ್ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಗೋಡೆಗೆ ಒಂದು ಒದ್ದ. ಅವನ ಸಂಕಟ ಬರೀ ಗುಡ್ಡದ್ದಲ್ಲ. ಅಲ್ಲಿ ಒಂದು ಗಂಡು ಜಿಂಕೆ ಇತ್ತು. ಬಾಣದ ಅಳತೆಯೊಳಗೆ ಬಂದು ನಿಂತಿದ್ದನ್ನು ಇನ್ನೊಂದು ವರ್ಷ ಬೆಳೆಯಲಿ, ಇನ್ನೊಂದು ವರ್ಷ ಬೆಳೆಯಲಿ ಅಂತ ಎರಡು ಸಲ ಕೈಬಿಟ್ಟಿದ್ದ. ಈಗ ಅದರ ಕೊಂಬು ತೊಟ್ಟಿಲಷ್ಟು ಅಗಲ. ಹಾಗೆ ಸಾಕಿ ಬೆಳೆಸಿದ್ದನ್ನು ಪೈಪು ರಿಪೇರಿಯವನೊಬ್ಬ ಹೊಡೆದು ಗೋಡೆಗೆ ನೇತುಹಾಕಿಕೊಳ್ಳುತ್ತಾನೆ ಅಂದರೆ ಅವನಿಗೆ ಅನ್ನ ಸೇರುವುದಾದರೂ ಹೇಗೆ?

ಗೇಲನ್‌ನನ್ನು ಕೊಲ್ಲುವ ಯೋಚನೆ ಅವನಿಗೆ ಬರಲಿಲ್ಲ. ಆರ್ವಿಡ್ ಸಭ್ಯ ಮನುಷ್ಯ. ಗೇಲನ್ ಗುಡ್ಡ ಬಿಡಬೇಕು, ಬಿಡಿಸುವವಳು ಥೋರಾಳೇ ಆಗಬೇಕು, ಅಷ್ಟೇ. ಆ ಮುದುಕಿ ಯಾವ ತಪ್ಪನ್ನಾದರೂ ಹೊಟ್ಟೆಗೆ ಹಾಕಿಕೊಂಡಾಳು, ಒಂದನ್ನು ಬಿಟ್ಟು. ಅವಳ ಸೇಬಿನ ಮರಗಳ ಹತ್ತಿರ ದಿನಾ ಬೆಳಿಗ್ಗೆ ಒಂದು ಅಚ್ಚ ಬಿಳಿಯ ಹೆಣ್ಣು ಜಿಂಕೆ ಬರುತ್ತಿತ್ತು. ಚರ್ಚಿನ ಸ್ಮಶಾನದ ಕಡೆಯಿಂದ ಕತ್ತು ನೆಟ್ಟಗೆ ಮಾಡಿಕೊಂಡು, ಯಾರನ್ನೂ ಲೆಕ್ಕಕ್ಕಿಡದೆ ನಡೆದು ಬರುವುದರಿಂದ ಥೋರಾ ಅದಕ್ಕೆ ಪಾದ್ರಿಗಿತ್ತಿ ಅಂತ ಹೆಸರಿಟ್ಟಿದ್ದಳು. ಐನಾರ್ ತೀರಿಕೊಂಡ ಮೇಲೆ ಬೆಳಗಿನ ಕಾಫಿಯನ್ನು ಅವಳು ಕುಡಿಯುತ್ತಿದ್ದುದು ಅದನ್ನು ನೋಡಿಕೊಂಡೇ. ಬಿಳಿ ಜಿಂಕೆ ಹೊಡೆಯುವುದು ಕಾನೂನಿಗೂ ವಿರುದ್ಧ. ಪಾದ್ರಿಗಿತ್ತಿಯ ಮೈಯಲ್ಲಿ ಗೇಲನ್‌ನ ಬಾಣ ಸಿಕ್ಕಿತೋ, ಅವನ ಬೇಟೆ ಲೈಸೆನ್ಸು ಹೋಯಿತು, ಗುಡ್ಡವೂ ಹೋಯಿತು. ಆಮೇಲೆ ಥೋರಾ ಯಾರ ಭುಜಕ್ಕೆ ಒರಗಿ ಅಳುತ್ತಾಳೆ? ಆರ್ವಿಡ್ ಕನ್ನಡಿಯ ಮುಂದೆ ನಿಂತು ಭುಜ ಸರಿಮಾಡಿಕೊಂಡ.

ಆಗಸ್ಟಿನಲ್ಲಿ ಗೇಲನ್ ತಾನಾಗಿಯೇ ಅವನ ಗರಾಜಿಗೆ ಬಂದ. ಕೈಯಲ್ಲಿ ಅವನೇ ಮಾಡಿಕೊಂಡ ಬಾಣಗಳ ಕಟ್ಟು.

"ಅಣ್ಣಾ, ಬೈಬೇಡ ಮತ್ತೆ. ನಾನೇ ಕೂತು ಅಂಟಿಸಿದ್ದು. ಒಂದು ಎಡಕ್ಕೆ ಹೋಗುತ್ತೆ, ಇನ್ನೊಂದು ಬಲಕ್ಕೆ ಹೋಗುತ್ತೆ, ಮಧ್ಯದಲ್ಲಿ ಹೋಗೋದೇ ಇಲ್ಲ ಅನ್ನುತ್ತೆ. ಏನ್ ಮಾಡ್ಲಿ?"

ಆರ್ವಿಡ್ ಒಂದನ್ನು ತೆಗೆದು ನೋಡಿದ. ಕಾರ್ಬನ್ ಕಡ್ಡಿಯ ತುದಿಯನ್ನು ಪೈಪು ಕೊಯ್ಯುವ ಗರಗಸದಲ್ಲೇ ಕೊಯ್ದಿದ್ದ, ಮಹಾನುಭಾವ. ಮೂರು ಪ್ಲಾಸ್ಟಿಕ್ ಗರಿಗಳಲ್ಲಿ ಎರಡು ಗುಲಾಬಿ, ಒಂದು ಕಿತ್ತಳೆ, ಬುಡದಲ್ಲೆಲ್ಲ ಅಂಟು ಮೆತ್ತಿಕೊಂಡಿತ್ತು. ಬೆರಳಿನ ಉಗುರ ಮೇಲಿಟ್ಟು ತಿರುಗಿಸಿದರೆ ಕುಡುಕನ ಹಾಗೆ ತೂರಾಡಿತು.

"ಚೆನ್ನಾಗಿವೆ ಕಣೋ" ಅಂದ ಆರ್ವಿಡ್. "ಏನೂ ಮುಟ್ಟಬೇಡ. ಸ್ವಲ್ಪ ಕೈ ಪಳಗಬೇಕು, ಅಷ್ಟೇ."

"ಹೌದಾ? ನೀನು ಹೇಳಿದ್ರೆ ಮುಗೀತು ಬಿಡು!" ಗೇಲನ್ ಖುಷಿಯಿಂದ ಅವನ ಬೆನ್ನು ತಟ್ಟಿ, ಗರಾಜಿನ ನಲ್ಲಿ ತೊಟ್ಟಿಕ್ಕುವುದನ್ನು ಕಂಡು, ಬೇಡ ಬೇಡ ಅಂದರೂ ಕೇಳದೆ ಅದನ್ನು ಬಿಗಿ ಮಾಡಿ ಹೋದ. ಇವನ ಈ ಉಪಕಾರದ ಚಟ ನೋಡಿದರೇ ಆರ್ವಿಡ್‌ಗೆ ಆಗುತ್ತಿರಲಿಲ್ಲ.

ಗೇಲನ್‌ನ ಒಂದು ಬಾಣ ಕದಿಯುವುದು ಸುಲಭವಿತ್ತು. ತನ್ನ ಹತ್ತಿರ ಎಷ್ಟಿವೆ ಎಂದು ಅವನಿಗೇ ಗೊತ್ತಿರಲಿಲ್ಲ. ಆದರೆ ಆ ಬಾಣ ನಂಬಿಕೊಂಡು ಹೊಡೆದರೆ ಜಿಂಕೆಗೆ ಬೀಳುವ ಬದಲು ಥೋರಾಳ ಕಿಟಕಿಗೆ ಬಿದ್ದರೂ ಬಿದ್ದೀತು. ಒಂದೇ ಹೊಡೆತಕ್ಕೆ ಕೆಲಸ ಮುಗಿಯಬೇಕು. ಗಾಯಗೊಂಡ ಪ್ರಾಣಿ ನರಳಿಕೊಂಡು ಕಾಡು ಸೇರಿದರೆ ಪಾಪ, ಮೇಲಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ, ನೋಡಿದರೆ ಗೇಲನ್‌ನದು ಅನ್ನಿಸಬೇಕು, ಬಿಟ್ಟರೆ ಆರ್ವಿಡ್‌ನದರ ಹಾಗೆ ಹಾರಬೇಕು, ಅಂಥದೊಂದು ಬಾಣ ಬೇಕಿತ್ತು. ಅಂಥದನ್ನು ಮಾಡಬಲ್ಲವನು ಆ ಜಿಲ್ಲೆಯಲ್ಲಿ ಒಬ್ಬನೇ ಇದ್ದ, ಅವನು ಈಗಾಗಲೇ ಗರಾಜಿನಲ್ಲೇ ಇದ್ದ.

ಅದೇ ಕಂಪನಿಯ ಕಡ್ಡಿಯನ್ನು ದೂರದ ಊರಿಗೆ ಹೋಗಿ ತಂದ. ಉದ್ದ ಗೇಲನ್‌ನದೇ. ಕೊಯ್ದ ತುದಿಯನ್ನು ಮಾತ್ರ ನುಣ್ಣಗೆ, ಲಂಬಕ್ಕೆ ಸರಿಯಾಗಿ ಉಜ್ಜಿದ. ಅಲಗು ತಿರುಪಿ ಕೂರಿಸುವ ಲೋಹದ ತುಂಡನ್ನು ಅಂಟು ಹಚ್ಚಿ ಒಳಗಿಳಿಸಿ, ಒಂದು ರಾತ್ರಿ ಒಣಗಲು ಬಿಟ್ಟ. ಗುಲಾಬಿ, ಗುಲಾಬಿ, ಕಿತ್ತಳೆ, ಗರಿಗಳನ್ನು ತನ್ನ ಅಚ್ಚಿನಲ್ಲಿಟ್ಟು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂರಿಸಿ, ಆಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು ಬುಡಕ್ಕೆಲ್ಲ ಅಂಟು ಮೆತ್ತಿದ. ಬದುಕಿನಲ್ಲಿ ಮೊದಲ ಸಲ ಅಂಥ ಹೊಲಸು ಕೆಲಸ ಮಾಡುವಾಗ ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಪರೀಕ್ಷೆಯನ್ನು ಗರಾಜಿನೊಳಗೇ ಮಾಡಿದ. ಮರದ ಚೌಕಟ್ಟಿಗೆ ಕಾಗದ ಬಿಗಿದು, ಅದರ ಹಿಂದೆ ಹುಲ್ಲಿನ ಗುರಿಯಿಟ್ಟು, ರಾಟೆ ಜೋಡಿಸಿದ ಕಾಂಪೌಂಡ್ ಬಿಲ್ಲೆಳೆದು ಬಿಟ್ಟ. ಬಾಣ ನೆಟ್ಟಗೆ ಹಾರಿದರೆ ಕಾಗದದಲ್ಲಿ ಒಂದು ದುಂಡು ತೂತು, ಸುತ್ತ ಮೂರು ಗರಿಗಳ ಸೀಳು, ಇಷ್ಟೇ ಇರಬೇಕು. ಬಾಲ ಅಲ್ಲಾಡಿಸಿಕೊಂಡು ಹೋದರೆ ಕಾಗದ ಉದ್ದಕ್ಕೆ ಹರಿಯುತ್ತದೆ. ಮೊದಲ ಸಲ ಎಡಕ್ಕೆ ಒಂದಿಷ್ಟು ಹರಿಯಿತು. ದಾರ ಸಿಕ್ಕಿಸುವ ಹಿಂದಿನ ಕಚ್ಚನ್ನು ಚೂರೇ ಚೂರು ತಿರುಗಿಸಿದ. ಮತ್ತೆ ಬಿಟ್ಟ. ಮತ್ತೆ ತಿರುಗಿಸಿದ. ಸಂಜೆಯ ಹೊತ್ತಿಗೆ ಕಾಗದದಲ್ಲಿ ಅಚ್ಚೊತ್ತಿದಂಥ ತೂತು ಬಿತ್ತು. ಎಷ್ಟು ಸಲ ಬಿಟ್ಟರೂ ಅದೇ ತೂತು! ಕಾಗದವನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತ ನಿಂತವನಿಗೆ ಕಣ್ಣು ತುಂಬಿ ಬಂತು. ಇಷ್ಟು ಒಳ್ಳೆಯ ಬಾಣ ಅವನು ತನಗಾಗಿ ಕೂಡ ಮಾಡಿಕೊಂಡಿರಲಿಲ್ಲ. ಇದರ ಹೆಸರು ಗೇಲನ್‌ಗೆ ಹೋಗುತ್ತದಲ್ಲ ಅಂತ ಹೊಟ್ಟೆ ಉರಿಯಿತು. ಕಾಗದವನ್ನು ಒಲೆಗೆ ಹಾಕಿ ಸುಟ್ಟ. ಅಲಗನ್ನು ಮುಂಗೈ ಕೂದಲು ಬೋಳಿಸುವಷ್ಟು ಮಸೆದ.

ಬೇಟೆಯ ಕಾಲ ಶುರುವಾಗುವ ಶನಿವಾರ ಬಂತು. ಮಸುಕಿನಲ್ಲೇ ಗೇಲನ್ ಸೇಬಿನ ತೋಟದ ಪಕ್ಕದ ಕಾಲುದಾರಿ ಹಿಡಿದು ಗುಡ್ಡ ಹತ್ತಿದ್ದನ್ನು ಆರ್ವಿಡ್ ಹೊಳೆಯ ಕಡೆಯಿಂದ ನೋಡಿದ. ಬೇರೆ ಯಾರೂ ಇರಲಿಲ್ಲ. ಥೋರಾಳ ಅಡುಗೆಮನೆಯ ದೀಪ ಇನ್ನೂ ಹತ್ತಿರಲಿಲ್ಲ. ಅವನು ತೋಟದ ಅಂಚಿಗೆ ನುಸುಳಿ ಬಂದು ಪೊದೆಯ ಮರೆಯಲ್ಲಿ ನಿಂತ. ಬೆಳಕು ಹರಿದು ಮರದಲ್ಲಿನ ಸೇಬು ಕಾಣುವ ಹೊತ್ತಿಗೆ ಪಾದ್ರಿಗಿತ್ತಿ ಬಂದಿತು, ಕತ್ತು ನೆಟ್ಟಗೆ, ಯಾರನ್ನೂ ಲೆಕ್ಕಕ್ಕಿಡದೆ. ಆರ್ವಿಡ್ ಬತ್ತಳಿಕೆಯಿಂದ ಗುಲಾಬಿ ಗರಿಯದನ್ನು ತೆಗೆದು ಹೂಡಿದ. ಎಳೆದ. ಬಿಟ್ಟ.

ಅದು ಒಮ್ಮೆ ಬೆನ್ನು ಬಾಗಿಸಿ, ನಾಲ್ಕು ಹೆಜ್ಜೆ ಓಡಿ, ಮರದ ಕೆಳಗೆ ಮಂಡಿಯೂರಿ ಮಲಗಿತು. ಆರ್ವಿಡ್‌ಗೆ ಅಳು ಬಂತು, ತಡೆದುಕೊಂಡ. ಮಿಕ್ಕದ್ದೆಲ್ಲ ಪ್ರತಿ ಬೇಟೆಯಲ್ಲಿ ಮಾಡುತ್ತಿದ್ದ ಹಾಗೇ ನಡೆಯಿತು. ಸ್ವಲ್ಪ ಹೊತ್ತು ಅಲ್ಲಾಡದೆ ನಿಂತ. ಹೊಡೆದ ಜಾಗಕ್ಕೆ ಹೋಗಿ ರಕ್ತ ನೋಡಿದ. ನೊರೆನೊರೆಯಾಗಿತ್ತು, ಶ್ವಾಸಕೋಶಕ್ಕೇ ಬಿದ್ದಿದೆ, ನರಳಿಲ್ಲ. ಹುಲ್ಲಿನ ಮೇಲೆ ತನ್ನ ಬೂಟಿನ ಗುರುತು ಬಿದ್ದಿಲ್ಲ ಅಂತ ಖಾತ್ರಿ ಮಾಡಿಕೊಂಡ. ಗಾಡಿಗೆ ಹೋಗಿ ಬಿಲ್ಲು ಬತ್ತಳಿಕೆ ಹಿಂದಿನ ಸೀಟಿನಲ್ಲಿಟ್ಟು, ಮೇಲೆ ಕೋಟು ಹೊದಿಸಿ, ಊರಿನ ಹೋಟೆಲಿಗೆ ಹೋಗಿ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಮೊಟ್ಟೆ ತಿಂದ. ಹೊಳೆ ಪಕ್ಕ ಜಿಂಕೆಯ ಬಾಲ ಕೂಡ ಕಾಣಲಿಲ್ಲ ಅಂತ ನಾಲ್ಕು ಜನರ ಮುಂದೆ ಗೊಣಗಿದ. ಎರಡನೆಯ ಕಾಫಿ ಕುಡಿಯುತ್ತಿದ್ದಾಗ ಫೋನು ಬಂತು.

"ಮಗಾ..." ಆ ಕಡೆಯಿಂದ ಥೋರಾ ಅಂದಳು. "ನಮ್ಮ ಪಾದ್ರಿಗಿತ್ತೀನ ಯಾರೋ ಹೊಡೆದು ಹಾಕಿದಾರೆ ಕಣೋ. ಬಾರೋ."

ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವ ಪದ್ಧತಿ ಅಲ್ಲಿಲ್ಲ. ಆರ್ವಿಡ್ ಹೋಟೆಲಿನಿಂದಲೇ ಒಂದು ಇಡೀ ಸೇಬಿನ ಪೈ ಕಟ್ಟಿಸಿಕೊಂಡು, ಹಿಂದಿನ ಸೀಟಿನ ಕೆಳಗಿಟ್ಟು ಹೊರಟ.

ಅಂಗಳದಲ್ಲಿ ಥೋರಾ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬೇಟೆ ವಾರ್ಡನ್ ಜೋಲೀನ್ ಮರದ ಕೆಳಗೆ ಮಂಡಿಯೂರಿದ್ದಳು. ಗೇಲನ್ ಟೋಪಿ ಕೈಯಲ್ಲಿ ಹಿಡಿದು, ಮೂಗು ಕೆಂಪಗೆ ಮಾಡಿಕೊಂಡು ನಿಂತಿದ್ದ. ಅತ್ತಿದ್ದ ಅಂತ ಕಾಣುತ್ತದೆ. ಆರ್ವಿಡ್ ಥೋರಾಳ ಪಕ್ಕ ಕೂತು ಭುಜ ಕೊಟ್ಟ. ಅವಳು ಒರಗಿದಳು. ಎಲ್ಲ ಎಣಿಸಿದಂತೆಯೇ ನಡೆಯುತ್ತಿತ್ತು.

"ಬಾಣ ಯಾರದು ಅಂತ ಗೊತ್ತಾಯ್ತಾ?" ಎಂದು ಮೆಲ್ಲಗೆ ಕೇಳಿದ.

"ಬಾಣ ಎಲ್ಲಿದೆ ಸ್ವಾಮಿ?" ಅಂದಳು ಜೋಲೀನ್. "ಮೈಯ ಈಕಡೆಯಿಂದ ಆಕಡೆಗೆ ತೂರಿ ಹೋಗಿದೆ. ಅಲ್ಲಿ ಮಣ್ಣಲ್ಲಿ ನಾಟಿದ ಗುರುತಿದೆ, ಬಾಣ ಇಲ್ಲ. ಹೊಡೆದೋನು ಯಾರೋ ಗಟ್ಟಿಗ. ಇಂಥ ಹೊಡೆತ ಎಲ್ಲರ ಕೈಲೂ ಆಗಲ್ಲ."

ಆ ಕೊನೆಯ ಮಾತು ಕೇಳಿ ಆರ್ವಿಡ್‌ಗೆ ಒಂದು ಕ್ಷಣ ಹಿತವೆನಿಸಿತು. ಮರುಕ್ಷಣ ಸಿಟ್ಟು ನೆತ್ತಿಗೇರಿತು. ಗೇಲನ್! ಗುಡ್ಡ ಇಳಿಯುವಾಗ ನೋಡಿದ್ದಾನೆ, ತನ್ನದೇ ಬಾಣ ಅಂತ ಹೆದರಿ ಕಿತ್ತು ಬಚ್ಚಿಟ್ಟಿದ್ದಾನೆ. ಎಂಥ ಕಳ್ಳ ನನ್ಮಗ!

"ಥೋರಮ್ಮಾ, ಒಂದು ಪೈ ತಂದಿದ್ದೆ, ಗಾಡಿಯಲ್ಲೇ ಬಿಟ್ಟೆ" ಎಂದು ಏಳಹೋದ.

"ನೀನು ಕೂತ್ಕೋ ಅಣ್ಣಾ, ಅಮ್ಮನ ಜೊತೆ ಇರು. ನಾನು ತರ್ತೀನಿ" ಅಂತ ಗೇಲನ್ ಓಡಿದ.

ಒಳ್ಳೆಯದೇ ಆಯಿತು. ಆರ್ವಿಡ್ ವಾರ್ಡನ್ನಿನ ಕಡೆ ಬಾಗಿ ದನಿ ತಗ್ಗಿಸಿದ. "ನೋಡಮ್ಮಾ, ನಾನು ಯಾರ ಹೆಸರೂ ಹೇಳಲ್ಲ. ಆದರೆ ಬಾಣ ಎಲ್ಲೂ ಹಾರಿ ಹೋಗಿರಲ್ಲ. ಇವತ್ತು ಈ ಜಮೀನಲ್ಲಿ ಬಿಲ್ಲು ಹಿಡಿದಿದ್ದವರ ಗಾಡಿ ಒಂದೂ ಬಿಡದೆ ನೋಡು. ಸಂಕೋಚ ಯಾಕೆ, ನನ್ನದರಿಂದಲೇ ಶುರು ಮಾಡು."

"ಛೇ, ನಿಮ್ಮದು ಯಾಕೆ ನೋಡ್ಲಿ" ಅಂದಳು ಜೋಲೀನ್.

ಅಷ್ಟರಲ್ಲಿ ಗೇಲನ್ ಒಂದು ಕೈಯಲ್ಲಿ ಪೈ, ಇನ್ನೊಂದು ಕೈಯಲ್ಲಿ ಗುಲಾಬಿ ಗರಿಯ ಬಾಣ ಹಿಡಿದುಕೊಂಡು ಬಂದ. ಬೇಟೆ ಮುಗಿದ ಮೇಲೆ ನೆಲಕ್ಕೆ ನಾಟಿದ ಬಾಣವನ್ನು ಕಿತ್ತು, ಜಿಂಕೆಯ ಹೊಟ್ಟೆಗೆ ತಗುಲಿದೆಯೋ ಏನೋ ಅಂತ ಮೂಸಿ ನೋಡಿ, ಹುಲ್ಲಿಗೆ ಒರೆಸಿ, ಬತ್ತಳಿಕೆಗೆ ಸಿಕ್ಕಿಸುವುದನ್ನು ಆರ್ವಿಡ್‌ನ ಕೈ ಯಾವತ್ತೂ ಅವನನ್ನು ಕೇಳಿ ಮಾಡಿದ್ದಿಲ್ಲ. ಇವತ್ತು ಬೆಳಿಗ್ಗೆಯೂ ಕೇಳಿರಲಿಲ್ಲ. "ಅಣ್ಣಾ, ಇದು ನನ್ನದಲ್ವಾ? ಪೈ ತೆಗೆಯುವಾಗ ಕೋಟು ಜಾರಿತು, ನಿನ್ನ ಬತ್ತಳಿಕೆಯಲ್ಲಿತ್ತು" ಅಂತ ಗೇಲನ್ ಆ ದುಃಖದಲ್ಲೂ ಮುಖ ಅರಳಿಸಿದ. "ನನಗೆ ಹೇಳದೆ ಸರಿಮಾಡಿ ಇಟ್ಟಿದ್ಯಾ? ನೋಡು ಥೋರಮ್ಮಾ, ಎಷ್ಟು ನೆಟ್ಟಗೆ ತಿರುಗುತ್ತೆ!" ಉಗುರ ಮೇಲಿಟ್ಟು ತಿರುಗಿಸಿದ. ಬಾಣ ಒಂದಿಷ್ಟೂ ತೂರಾಡಲಿಲ್ಲ. ಥೋರಾ ಆರ್ವಿಡ್‌ನ ಭುಜದಿಂದ ತಲೆಯೆತ್ತಿ, ಗರಿಯ ಬುಡದ ಅಂಟಿನಲ್ಲಿ ಸಿಕ್ಕಿಕೊಂಡಿದ್ದ ನಾಲ್ಕಾರು ಬಿಳಿ ಕೂದಲನ್ನು ನೋಡಿದಳು, ಮತ್ತೆ ಒರಗಲಿಲ್ಲ.