ಬಾಗಿಲ ಬಳಿಯ ಎಪ್ಪತ್ತೊಂದು

ಐದೂ ನಲವತ್ತಕ್ಕೆ ಸಿಂಚನಾಳ ಫೋನಿನಲ್ಲಿ ಐವತ್ತಾರು ಇದ್ದ ಅಂಕಿ, ಅವಳು ಕುಕ್ಕರ್ ಮುಚ್ಚುವಷ್ಟರಲ್ಲಿ ಹತ್ತೊಂಬತ್ತಕ್ಕೆ ಇಳಿದಿತ್ತು. ಇವತ್ತೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ. ಬಸ್ ಡಿಪೋದ ಕ್ಯಾಂಟೀನು.

ಅಂಕಿಯನ್ನೂ ಜಾಗವನ್ನೂ ಕಳಿಸುತ್ತಿದ್ದದ್ದು ಅವಳ ಗಂಡ ಲಿಖಿತನ ಕಿವಿಯ ಹಿಂದೆ ಅಂಟಿಸಿದ್ದ ಎಚ್ಚರಮಣಿ. ಕಡಲೆಕಾಳಿನಷ್ಟು ದಪ್ಪ. ನಾಡಿ, ಬೆವರು, ದನಿಯ ನಡುಕ ಇವನ್ನು ಅಳೆದು, ಕುಡಿತ ಬಿಟ್ಟವನು ಮತ್ತೆ ಕುಡಿಯುವ ಅಪಾಯ ನೂರಕ್ಕೆ ಎಷ್ಟು ಎಂದು ಹೇಳುತ್ತಿತ್ತು. ಎಲ್ಲರೂ ಒಂದೇ ಕಾರಣಕ್ಕೆ ಮತ್ತೆ ಬಾಟಲಿ ಹಿಡಿಯುವುದಿಲ್ಲ. ಆದ್ದರಿಂದ ಮಣಿ ಮೊದಲ ಹದಿನೈದು ದಿನ ಸುಮ್ಮನಿದ್ದು ಆ ಮನುಷ್ಯನ ಸ್ವಭಾವ ಕಲಿಯುತ್ತಿತ್ತು. ಲಿಖಿತನಿಗೆ ವ್ಯಕ್ತಿತ್ವ ದೋಷವೂ ಇದೆ ಎಂದು ವೈದ್ಯರು ಬರೆದಿದ್ದರು. ತನ್ನವರು ತನ್ನನ್ನು ನಂಬುತ್ತಿಲ್ಲ, ಬಿಟ್ಟುಬಿಡುತ್ತಾರೆ ಅನ್ನಿಸಿದರೆ ಸಾಕು, ಅವನ ಮನಸ್ಸು ಬುಡಮೇಲಾಗುತ್ತಿತ್ತು.

ಅವನು ಕುಡಿದು ಏಳು ತಿಂಗಳಾಗಿತ್ತು. ಆದರೂ ದಿನಾ ಸಂಜೆ ಅಂಕಿ ಎಪ್ಪತ್ತು ದಾಟುತ್ತಿತ್ತು. ಇನ್ನೊಂದು ವಾರ ಹೀಗೇ ಆದರೆ ಅವನನ್ನು ಮತ್ತೆ ಕುಡಿತ ಬಿಡಿಸುವ ಕೇಂದ್ರದಲ್ಲೇ ಇಟ್ಟುಕೊಳ್ಳಬೇಕಾಗುತ್ತದೆ ಎಂದು ಪತ್ರ ಬಂದಿತ್ತು.

ಮರುದಿನ ಸಿಂಚನಾ ಡಿಪೋಗೆ ಹೋಗಿ ಕ್ಯಾಂಟೀನಿನ ಕಿಟಕಿಯ ಹೊರಗೆ ನಿಂತಳು. ಡಿಪೋದಲ್ಲಿ ಬಸ್ ರಿಪೇರಿ ಮಾಡುವ ಲಿಖಿತನೂ ಕ್ಯಾಂಟೀನು ನಡೆಸುವ ಅಂಕಿತಾಳೂ ಚೌಕಾಬಾರ ಆಡುತ್ತಿದ್ದರು.

"ಏಯ್ ಮೇಸ್ತ್ರಿ, ಕಾಯಿ ಎತ್ತು! ಅದು ಆಗ್ಲೇ ಸತ್ತಿದೆ."

"ಎಲ್ಲಿ ಸತ್ತಿದೆ? ಉಸಿರಾಡ್ತಿದೆ ನೋಡು."

"ಬಸ್ ರಿಪೇರಿನೂ ಹಿಂಗೇ ಮಾಡ್ತೀಯಾ? ಅದಕ್ಕೇ ದಾರೀಲಿ ನಿಲ್ತಾವೆ!"

ಲಿಖಿತ ಹೊಟ್ಟೆ ಹಿಡಿದು ನಕ್ಕ. ಆ ನಗು ತನ್ನ ಮನೆಯಲ್ಲಿ ಕೇಳಿ ಎಷ್ಟು ವರ್ಷವಾಯಿತೆಂದು ಸಿಂಚನಾಳಿಗೆ ನೆನಪಾಗಲಿಲ್ಲ. ಅವನ ವಾಂತಿ ಬಳಿದವಳು ತಾನು. ನಗು ಇವಳಿಗೆ.

ಮಾರನೆಯ ಬೆಳಿಗ್ಗೆಯೇ ಅವಳು ಎಚ್ಚರಮಣಿ ತಯಾರಿಸಿದ ಡಾಕ್ಟರ್ ತಬಸ್ಸುಮರ ಮುಂದೆ ಕೂತಿದ್ದಳು. "ಅವನನ್ನ ಆ ಕ್ಯಾಂಟೀನಿನವಳ ಹತ್ರ ಹೋಗಬೇಡ ಅನ್ನಿ, ಮೇಡಂ. ನೀವು ಹೇಳಿದ್ರೆ ಕೇಳ್ತಾನೆ."

ತಬಸ್ಸುಮ್ ಪರದೆಯ ಮೇಲೆ ಒಂದು ಗೆರೆ ತೋರಿಸಿದರು. ಕ್ಯಾಂಟೀನಿನ ಹೊತ್ತಿಗೆ ಕೆಳಗಿಳಿದಿದ್ದ ಗೆರೆ ಏಳು ಗಂಟೆಗೆ ನೆಟ್ಟಗೆ ಎದ್ದಿತ್ತು. ಎಪ್ಪತ್ತೊಂದು.

"ಇದು ನಿಮ್ಮ ಮನೆ ಬಾಗಿಲು. ಆಗ ಏನಾಗುತ್ತೆ?"

"ಬಾಗಿಲು ತೆಗೀತೀನಿ."

"ಆಮೇಲೆ?"

ಸಿಂಚನಾ ಸೆರಗಿನ ತುದಿ ಸುತ್ತಿದಳು. "ಊದು ಅಂತೀನಿ. ಮೂಸಿ ನೋಡ್ತೀನಿ. ಹನ್ನೊಂದು ವರ್ಷದಿಂದ."

"ಮಣಿ ಬಂದ ಮೇಲೂ?"

"ಅದಕ್ಕೇನು ಗೊತ್ತು, ಮೇಡಂ!"

"ನಿಜ, ಗೊತ್ತಿಲ್ಲ," ಎಂದರು ತಬಸ್ಸುಮ್. "ಹನ್ನೊಂದು ವರ್ಷ ಅವರನ್ನ ಉಳಿಸಿದ್ದು ನಿಮ್ಮ ಆ ಮೂಗೇ ಇರಬಹುದು. ಅದರ ಲೆಕ್ಕ ನನ್ನ ಯಂತ್ರದಲ್ಲಿಲ್ಲ. ನನ್ನ ಅಳತೆಯೇ ತಪ್ಪೇನೋ ಅಂತ ನನಗೂ ನಿದ್ದೆ ಬರಲ್ಲ. ಆದ್ರೆ ಆ ಕ್ಯಾಂಟೀನಿನಾಕೆ ಅವರನ್ನ ಪರೀಕ್ಷೆ ಮಾಡಲ್ಲ, ಅಷ್ಟೇ ವ್ಯತ್ಯಾಸ."

ಅಂದು ಸಂಜೆ ಸಿಂಚನಾ ಬಾಗಿಲು ತೆಗೆದಳು. ಲಿಖಿತ ರೂಢಿಯಂತೆ ತಲೆ ಬಗ್ಗಿಸಿ ಬಾಯಿ ತೆರೆದ. ಅವಳ ಮೂಗು ತಾನಾಗಿ ಮುಂದೆ ಹೋಯಿತು. ಅಲ್ಲೇ ತಡೆದಳು.

"ಇವತ್ತು ಚೌಕಾಬಾರದಲ್ಲಿ ಗೆದ್ಯಾ, ಸೋತ್ಯಾ?"

ಅವನು ತಲೆಯೆತ್ತಿದ. "ನೀನು ಬಂದಿದ್ಯಾ?"

"ನಿನ್ನೆ ಬಂದಿದ್ದೆ. ಕಿಟಕೀಲಿ ನೋಡಿದೆ. ಹೊಟ್ಟೆ ಉರೀತು."

ಲಿಖಿತ ಹೊಸಿಲ ಹೊರಗೆ ಚಪ್ಪಲಿ ಬಿಟ್ಟ. "ಸೋತೆ," ಎಂದ. "ದಿನಾ ಸೋಲ್ತೀನಿ. ಅವಳು ಮೋಸ ಮಾಡ್ತಾಳೆ."

"ಹಾಗಾದ್ರೆ ಒಳಗೆ ಬಾ. ಇಲ್ಲಿ ನೀನೇ ಮೋಸ ಮಾಡು."

ಅವನು ಕೈಕಾಲು ತೊಳೆಯಲು ಹೋದಾಗ ಅವಳು ಫೋನು ನೋಡಿದಳು. ನಲವತ್ತನಾಲ್ಕು. ಕ್ಯಾಂಟೀನಿನ ಹತ್ತೊಂಬತ್ತು ಇನ್ನೂ ದೂರವೇ ಇತ್ತು, ಹೊಟ್ಟೆಯುರಿಯೂ ಆರಿರಲಿಲ್ಲ. ಫೋನನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟು, ಸೀಮೆಸುಣ್ಣ ಹುಡುಕಿ, ನೆಲದ ಮೇಲೆ ಚೌಕಾಬಾರದ ಮನೆಗಳನ್ನು ಗೀಚತೊಡಗಿದಳು.

ಇದು ಕಥೆ; ನಿಜದಲ್ಲಿ ಅಂಥ ಮಣಿ ಬರಲು ಇನ್ನೂ ಮೂವತ್ತೋ ನಲವತ್ತೋ ವರ್ಷ ಬೇಕಾದೀತು. ಬಾರದೆಯೂ ಇರಬಹುದು. ಆದರೆ ಇವತ್ತು ಸಂಜೆ ಏಳಕ್ಕೆ ಯಾವುದೋ ಮನೆಯ ಬಾಗಿಲಲ್ಲಿ ಒಬ್ಬ ಬಾಯಿ ತೆರೆದು ನಿಂತಿರುತ್ತಾನೆ. ಎದುರಿಗಿರುವವರು ಮೊದಲು ಏನು ಕೇಳಬೇಕೆಂದು ತೀರ್ಮಾನಿಸಲು ಯಾವ ಯಂತ್ರವೂ ಬೇಕಿಲ್ಲ.